ಬ್ರೌಸರ್ ತೆರೆದ ಕೂಡಲೇ ಕಂಪ್ಯೂಟರ್ ನಿಂತುಹೋದರೆ



ಒಕ್ಕೂಟದ ಕಚೇರಿಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ದೂರು ಇದು: "ಲೆಕ್ಕ ಬರೆಯುವಾಗ ಏನೂ ತೊಂದರೆ ಇಲ್ಲ. ಕ್ರೋಮ್ ಒತ್ತಿದರೆ ಸಾಕು, ಕಂಪ್ಯೂಟರೇ ಬಂದ್!" ಕೂಡಲೇ ಯಾರಾದರೂ, ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ ಅಂತ ಹೇಳಿಬಿಡ್ತಾರೆ. ಫಾರ್ಮ್ಯಾಟ್ ಅಂದರೆ ಒಳಗಿರುವುದನ್ನು ಅಳಿಸಿ ಹೊಸದಾಗಿ ತುಂಬುವುದು. ಸಂಘಗಳ ಉಳಿತಾಯ, ಸಾಲ, ಬಡ್ಡಿಯ ಲೆಕ್ಕಕ್ಕೆ ಬೇರೆ ಪ್ರತಿ ಇಲ್ಲದಿದ್ದರೆ ಅದೂ ಹೋಗಬಹುದು.

ಆದ್ದರಿಂದ ಮೊದಲ ಕೆಲಸ ರಿಪೇರಿ ಅಲ್ಲ. ಕಂಪ್ಯೂಟರ್ ಆನ್ ಮಾಡಿ, ಬ್ರೌಸರನ್ನು ಮುಟ್ಟದೆ, ಲೆಕ್ಕದ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಅದನ್ನು ತೆಗೆದು ಬೀರುವಿನಲ್ಲಿಡಿ. ಮುಂದಿನದೆಲ್ಲ ಇದಾದ ಮೇಲೆ.

ಈಗ ನಿಂತುಹೋಗುವುದು ಯಾವುದು ಅಂತ ಸರಿಯಾಗಿ ನೋಡಿ. ಬ್ರೌಸರ್ ಮಾತ್ರ ಮುಚ್ಚಿಕೊಂಡು ಉಳಿದ ಕೆಲಸ ನಡೆಯುತ್ತದೆಯೇ? ಪರದೆ ಹಾಗೇ ಇದ್ದು ಮೌಸ್ ಅಲುಗಾಡುವುದಿಲ್ಲವೇ? ಅಥವಾ ಕರೆಂಟ್ ಹೋದ ಹಾಗೆ ಪೂರ್ತಿ ಆಫ್ ಆಗ್ತದೆಯೇ? ಈ ಮೂರಕ್ಕೂ ಕಾರಣ ಬೇರೆ ಬೇರೆ.

ಬ್ರೌಸರ್ ಮಾತ್ರ ಮುಚ್ಚಿದರೆ ಹೆದರಬೇಕಾದ್ದಿಲ್ಲ. ಅದಕ್ಕೆ ಅಂಟಿಕೊಂಡ ಎಕ್ಸ್‌ಟೆನ್ಷನ್ ಎಂಬ ಚಿಕ್ಕ ಪ್ರೋಗ್ರಾಂಗಳು ಕಾಟ ಕೊಡುತ್ತಿರಬಹುದು. ಫೈರ್‌ಫಾಕ್ಸ್ ಆದರೆ ಶಿಫ್ಟ್ ಕೀ ಒತ್ತಿ ಹಿಡಿದು ತೆರೆಯಿರಿ. ಎಕ್ಸ್‌ಟೆನ್ಷನ್‌ಗಳನ್ನು ಬಿಟ್ಟು ತೆರೆಯುವ ದಾರಿ ಅದು. ಆಗ ಸರಿಯಾಗಿ ನಡೆದರೆ, ಬೇಡದವನ್ನು ಒಂದೊಂದಾಗಿ ತೆಗೆಯಿರಿ. ಇನ್ನೊಂದು ಬ್ರೌಸರ್‌ನಲ್ಲೂ ಪ್ರಯತ್ನಿಸಿ. ಅದು ಸರಿಯಾಗಿ ತೆರೆದರೆ ದೋಷ ಮೊದಲನೆಯದರದ್ದೇ ಇರಬೇಕು.

ಮೌಸ್ ಸಹ ಅಲುಗಾಡದೆ ನಿಂತರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಅಂದರೆ ಕಂಪ್ಯೂಟರ್ ಕೆಲಸ ಹರಡಿಕೊಳ್ಳುವ ಜಾಗ. ಲೆಕ್ಕದ ಹಾಳೆಗೆ ಸ್ವಲ್ಪ ಜಾಗ ಸಾಕು. ಇಂದಿನ ಬ್ರೌಸರ್‌ಗೆ ಪ್ರತಿಯೊಂದು ಟ್ಯಾಬ್‌ಗೂ ಜಾಗ ಬೇಕು. 2 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರ್ತದೆ. ಅದನ್ನು ತೆರೆದಿಟ್ಟುಕೊಂಡೇ ಬ್ರೌಸರ್ ತೆರೆಯಿರಿ. ಮೆಮೊರಿ ಅನ್ನುವ ಸಾಲು ನೂರು ಶೇಕಡದ ಹತ್ತಿರ ಏರಿದರೆ ಉತ್ತರ ಸಿಕ್ಕಿತು. ರ‍್ಯಾಮ್ ಹೆಚ್ಚಿಸಬಹುದು, ಹೊಸ ಕಂಪ್ಯೂಟರ್‌ಗಿಂತ ಅದು ತುಂಬಾ ಕಡಿಮೆ ಖರ್ಚು.

ಪೂರ್ತಿ ಆಫ್ ಆಗುವುದು ಬೇರೆ ಕಥೆ. ಮಿಕ್ಸಿಯನ್ನು ನೆನೆಯಿರಿ. ಖಾಲಿ ಜಾರ್ ತಿರುಗುತ್ತದೆ, ಗಟ್ಟಿ ಅಕ್ಕಿ ಹಾಕಿದಾಗ ಟ್ರಿಪ್ ಆಗ್ತದೆ. ತಪ್ಪು ಅಕ್ಕಿಯದ್ದಲ್ಲ. ಬ್ರೌಸರ್ ತೆರೆದಾಗ ಪ್ರೊಸೆಸರ್ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ, ಬಿಸಿ ಏರುತ್ತದೆ. ಫ್ಯಾನಿನಲ್ಲಿ ಧೂಳು ತುಂಬಿದ್ದರೆ ಯಂತ್ರ ಸುಟ್ಟುಹೋಗಬಾರದೆಂದು ತಾನೇ ಆಫ್ ಆಗುತ್ತದೆ. ಕರೆಂಟ್ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆ ಸೋತಿದ್ದರೂ ಹೀಗೇ. ಗೋಡೆಗೆ ಒತ್ತಿ ಇಟ್ಟ, ಮೇಲೆ ಬಟ್ಟೆ ಹೊದೆಸಿದ ಸಿಪಿಯುಗಳನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ಕೆಲಸ ಮಾಡುವಾಗ ಬಟ್ಟೆ ತೆಗೆಯಿರಿ, ಹಿಂಬದಿಗೆ ಗಾಳಿ ಬಿಡಿ. ಒಳಗಿನ ಧೂಳು ತೆಗೆಯುವಾಗ ಪ್ಲಗ್ ಕಿತ್ತಿರಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ.

ಪರದೆ ಕಪ್ಪಾದರೆ ಅಥವಾ ನೀಲಿಯಾಗಿ ಇಂಗ್ಲಿಷ್ ಅಕ್ಷರ ಬಂದರೆ, ಚಿತ್ರ ತೋರಿಸುವ ಗ್ರಾಫಿಕ್ಸ್ ಡ್ರೈವರ್ ಕೆಟ್ಟಿರಬಹುದು. ಆ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ವಿಂಡೋಸನ್ನು ಸೇಫ್ ಮೋಡ್ ವಿತ್ ನೆಟ್‌ವರ್ಕಿಂಗ್‌ನಲ್ಲಿ ಶುರು ಮಾಡಿದರೆ ಆ ಡ್ರೈವರ್ ಬಳಕೆಯಾಗುವುದಿಲ್ಲ. ಆಗ ಬ್ರೌಸರ್ ತೊಂದರೆ ಇಲ್ಲದೆ ನಡೆದರೆ ಅನುಮಾನ ಗಟ್ಟಿಯಾಯಿತು. ಡ್ರೈವರನ್ನು ಹೊಸದಾಗಿ ಹಾಕಿಸಿ.

ವಿಂಡೋಸ್ 7 ಇನ್ನೂ ಬಳಸುತ್ತಿರುವ ಕಡೆ ಒಂದು ಮಾತು. ಅದರ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, 2023ರಿಂದ ಹೊಸ ಕ್ರೋಮ್ ಅದರಲ್ಲಿ ನಡೆಯುವುದಿಲ್ಲ. ಅಂಥ ಯಂತ್ರದಲ್ಲಿ ಸಂಘದ ಬ್ಯಾಂಕ್ ವ್ಯವಹಾರ ಮಾಡುವುದು ಬೇಡವೇ ಬೇಡ.

ಕೆಟ್ಟುಹೋದಂತೆ ನಟಿಸುವ ಪುಟಗಳೂ ಇವೆ. ಬ್ರೌಸರ್ ಪರದೆ ತುಂಬಾ ಹರಡಿ, ಕರ್ಕಶವಾಗಿ ಕೂಗಿ, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬರ್ತದೆ. ಇದು ಮೋಸ. ಫೋನ್ ಮಾಡಿದರೆ ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ ಹಾಕಿಸಿ ಖಾತೆಯ ಹಣಕ್ಕೆ ಕೈ ಹಾಕ್ತಾರೆ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಮುಚ್ಚಿ. ಹಣ ಹೋಗಿದೆ ಅಂತ ಗೊತ್ತಾದರೆ ಬ್ಯಾಂಕಿಗೂ 1930ಕ್ಕೂ ತಡಮಾಡದೆ ತಿಳಿಸಿ.

ರಿಪೇರಿಗೆ ಒಯ್ಯಲೇಬೇಕಾದರೆ ಮೇಲೆ ನೋಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡಿ: ಏನು ಒತ್ತಿದಾಗ, ಎಷ್ಟು ಹೊತ್ತಿಗೆ, ಹೇಗೆ ನಿಂತಿತು. ಬ್ಯಾಂಕ್ ಪಾಸ್‌ವರ್ಡ್ ಹೇಳಬೇಡಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಬಿಲ್ಲನ್ನು ಖರ್ಚಿನ ಫೈಲಿಗೆ ಹಾಕಿ.