ಪತ್ತಾರರ ಬಾಗಿಲಿಗೆ ಹೋಗುವ ಮುನ್ನ ಐವತ್ತು ಕೊಂಡಿ

ತಂಬ್ರಹಳ್ಳಿ ಸೀಮೆಯಲ್ಲಿ ಪಂಪ್‌ಸೆಟ್ ಮೋಟಾರ್ ಸುಡದ ಬೇಸಿಗೆ ಇಲ್ಲ. ಹಾಗಾಗಿ ಸುತ್ತಲಿನ ಪೇಟೆಗಳಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗೂ ಬರವಿಲ್ಲ. ಕೈಯಿಂದ ಆಭರಣ ಮಾಡುವ ಹವ್ಯಾಸ ಹಚ್ಚಿಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆ ನಾನು ತೋರಿಸುವುದು ಆ ಅಂಗಡಿಯನ್ನೇ. ಮೊಬೈಲಿನಲ್ಲಿ ಹತ್ತು ವಿಡಿಯೊ ನೋಡಿ, ದೂರದಿಂದ ದುಬಾರಿ ಕಿಟ್ ತರಿಸಿ, ಮೊದಲ ದಿನವೇ ಗ್ಯಾಸ್ ಟಾರ್ಚ್ ಹಚ್ಚಿದವರು ಬಹಳ ದಿನ ಈ ಕೆಲಸದಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ತಾಮ್ರದ ತಂತಿ, ಎರಡು ನೋಸ್ ಪ್ಲೇಯರ್, ಒಂದು ಕಟಿಂಗ್ ಪ್ಲೇಯರ್, ಚಿಕ್ಕ ಸುತ್ತಿಗೆ, ಸಣ್ಣ ಅರ. ಮೊದಲ ಎರಡು ತಿಂಗಳಿಗೆ ಇಷ್ಟು ಸಾಕು. ಬೆಂಕಿಯ ಮಾತು ಆಮೇಲೆ.

ತಂತಿ ಕೊಳ್ಳುವ ಲೆಕ್ಕ

ರಿವೈಂಡಿಂಗ್ ಅಂಗಡಿಯಲ್ಲಿ ತಂತಿಯನ್ನು ಗೇಜ್ ಸಂಖ್ಯೆ ಹೇಳಿ, ತೂಕದ ಮೇಲೆ ಕೊಳ್ಳಬೇಕು. ಸಂಖ್ಯೆ ಏರಿದಷ್ಟೂ ತಂತಿ ತೆಳುವಾಗುತ್ತದೆ. ಇದನ್ನು ತಿರುವುಮುರುವು ತಿಳಿದು ಮೋಸ ಹೋಗುವವರೇ ಹೆಚ್ಚು. 20 ಗೇಜ್ ಎಂದರೆ ಸುಮಾರು 0.9 ಮಿ.ಮೀ., 18 ಗೇಜ್ 1.2 ಮಿ.ಮೀ., 10 ಗೇಜ್ 3.25 ಮಿ.ಮೀ. ನೂರು ಗ್ರಾಂ ತೂಗಿಸಿದರೆ 20 ಗೇಜಿನದು ಹದಿನೇಳು ಮೀಟರ್ ಸಿಗುತ್ತದೆ. ಕಲಿಯುವವರು ಒಂದು ತಿಂಗಳು ಕೆಡಿಸಿದರೂ ಮುಗಿಯದು.

ಮೋಟಾರಿನ ತಂತಿಗೆ ಕಣ್ಣಿಗೆ ಕಾಣದ ಎನಾಮಲ್ ಲೇಪವಿರುತ್ತದೆ. ಅದನ್ನು ಒಲೆಗೆ ಹಿಡಿದು ಸುಡಬೇಡಿ, ಆ ಹೊಗೆ ಕೆಟ್ಟದ್ದು. ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಿರಿ. ಸುಟ್ಟ ಮೋಟಾರಿನಿಂದ ಬಿಚ್ಚಿದ ಹಳೆ ತಂತಿ ಅಗ್ಗಕ್ಕೆ ಸಿಕ್ಕೀತು. ಆದರೆ ಅದರ ತುಂಬ ಗಂಟು ಮತ್ತು ವಾರ್ನಿಷ್. ಹೊಸದನ್ನೇ ಕೇಳಿ.

ಬೆಳ್ಳಿಯಿಂದ ಶುರು ಮಾಡಿದರೆ ಪ್ರತಿ ತುಂಡಿಗೂ ಕೈ ಹಿಂಜರಿಯುತ್ತದೆ, ಹಿಂಜರಿದ ಕೈ ಕಲಿಯುವುದಿಲ್ಲ. ‘ಜರ್ಮನ್ ಸಿಲ್ವರ್’ ಎಂಬ ಹೆಸರಿಗೂ ಮರುಳಾಗಬೇಡಿ. ಅದರಲ್ಲಿ ಬೆಳ್ಳಿ ಒಂದು ಗುಂಜಿಯಷ್ಟೂ ಇಲ್ಲ, ಇರುವುದು ತಾಮ್ರ, ನಿಕ್ಕಲ್, ಸತು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗದು, ಕಿವಿ ಕೆಂಪಾಗಿ ತುರಿಸುತ್ತದೆ. ಯುರೋಪಿನಲ್ಲಿ 1994ರಲ್ಲೇ ಮೈಗೆ ತಾಗುವ ಒಡವೆಗಳ ನಿಕ್ಕಲ್‌ಗೆ ಮಿತಿ ಹಾಕಿದರು. ನಮ್ಮ ಜಾತ್ರೆಯ ಅಂಗಡಿ ಸಾಲಿನಲ್ಲಿ ಅದನ್ನು ಕೇಳುವವರಿಲ್ಲ. ನೀವು ಓಲೆ ಮಾಡಿದಾಗ ಕಿವಿಯೊಳಗೆ ಹೋಗುವ ಕೊಕ್ಕೆಯನ್ನಾದರೂ ಬೆಳ್ಳಿಯಲ್ಲೇ ಮಾಡಿ.

ಐವತ್ತು ಕೊಂಡಿ

ಮೊದಲು ತಂತಿಯನ್ನು ನೇರ ಮಾಡಬೇಕು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ, ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಒಂದೇ ಹದದಲ್ಲಿ ಎಳೆಯಿರಿ. ತಂತಿ ತುಸು ಹಿಗ್ಗಿದ ಅನುಭವ ಕೈಗೆ ಬರುತ್ತದೆ. ಅಲ್ಲಿಗೆ ಅದು ನೇರವಾಯಿತು.

ಅದನ್ನು ನಾಲ್ಕು ಮಿ.ಮೀ. ದಪ್ಪದ ಕಬ್ಬಿಣದ ಕಡ್ಡಿಗೆ ಒತ್ತೊತ್ತಾಗಿ ಸುತ್ತಿ, ಸ್ಪ್ರಿಂಗ್‌ನಂತಾದದ್ದನ್ನು ಕಡ್ಡಿಯಿಂದ ಜಾರಿಸಿ, ಸುತ್ತು ಸುತ್ತಾಗಿ ಕತ್ತರಿಸಿ. ಒಂದು ಸುತ್ತಿಗೆ ಒಂದು ಕೊಂಡಿ. 20 ಗೇಜಿನ ಒಂದು ಕೊಂಡಿಗೆ ಹದಿನೈದೂವರೆ ಮಿ.ಮೀ. ತಂತಿ ಬೇಕು, ಐವತ್ತಕ್ಕೆ ಎಂಬತ್ತು ಸೆಂ.ಮೀ. ಇಟ್ಟುಕೊಳ್ಳಿ. ಕಟಿಂಗ್ ಪ್ಲೇಯರ್ ಒಂದು ಬದಿ ಸಪಾಟಾಗಿ, ಇನ್ನೊಂದು ಬದಿ ಚೂಪಾಗಿ ಕತ್ತರಿಸುತ್ತದೆ. ಚೂಪಾದ ತುದಿಯನ್ನು ಅರದಿಂದ ಸಪಾಟು ಮಾಡದಿದ್ದರೆ ಕೊಂಡಿಯ ಎರಡು ತುದಿ ಎಂದೂ ಕೂಡಿಕೊಳ್ಳುವುದಿಲ್ಲ.

ಇನ್ನು ಕೊಂಡಿ ತೆರೆಯುವ ಬಗೆ. ಎಲ್ಲರೂ ಎರಡು ತುದಿಗಳನ್ನು ಎಡಕ್ಕೂ ಬಲಕ್ಕೂ ಅಗಲಿಸುತ್ತಾರೆ, ದುಂಡು ಕೆಡುತ್ತದೆ, ಮತ್ತೆ ಬರುವುದಿಲ್ಲ. ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ. ಮುಚ್ಚುವಾಗಲೂ ಹಾಗೆಯೇ, ತುಸು ದಾಟಿಸಿ ಹಿಂದಕ್ಕೆ ತನ್ನಿ. ತುದಿಗಳು ಕೂಡಿದಾಗ ಟಕ್ ಎಂಬ ಸಣ್ಣ ಸದ್ದು ಬೆರಳಿಗೇ ತಿಳಿಯುತ್ತದೆ. ಪ್ಲೇಯರಿನ ಹಲ್ಲು ತಾಮ್ರವನ್ನು ಕಚ್ಚಿ ಗುರುತು ಮಾಡುತ್ತದೆ, ಅದರ ಬಾಯಿಗೆ ಎಲೆಕ್ಟ್ರಿಷಿಯನ್ ಟೇಪ್ ಸುತ್ತಿಕೊಳ್ಳಿ.

ಐವತ್ತು ಕೊಂಡಿಗಳ ಸರವನ್ನು ದೀಪದ ಎದುರು ಹಿಡಿದು ನೋಡಿ. ಸೇರುವೆಯಲ್ಲಿ ಬೆಳಕು ಇಣುಕುವ ಕೊಂಡಿಗಳನ್ನು ಬಿಚ್ಚಿ ಮತ್ತೆ ಮಾಡಿ. ಬೇಸರದ ಕೆಲಸ, ಹೌದು. ಆದರೆ ಈ ಕಸುಬಿನ ಮುಕ್ಕಾಲು ಪಾಲು ಇಲ್ಲೇ ಇದೆ. ಏಕೆಂದರೆ ಬೆಸುಗೆ ಸಂದನ್ನು ತುಂಬುವುದಿಲ್ಲ. ಕೂಡಿಕೊಂಡದ್ದನ್ನು ಹಿಡಿದಿಡುತ್ತದೆ, ಅಷ್ಟೇ.

ಕಡಗ ಬಡಿಯುವುದು

ಎರಡನೆಯ ತಿಂಗಳಿಗೆ ಸುತ್ತಿಗೆ. ಅಡಿಗಲ್ಲಿಗಾಗಿ ಅಲೆಯಬೇಕಿಲ್ಲ, ಲೇತ್ ಅಂಗಡಿಯಲ್ಲಿ ಕೇಳಿದರೆ ಅಂಗೈ ಅಗಲದ ದಪ್ಪ ಉಕ್ಕಿನ ತುಂಡು ಕೊಡುತ್ತಾರೆ. ಮೇಲ್ಮೈ ನಯವಾಗಿರಬೇಕು. ಅದರ ಮೇಲಿನ ಪ್ರತಿ ಗೀರೂ ಕಡಗದ ಮೇಲೆ ಮೂಡುತ್ತದೆ.

ಅಳತೆಗೆ ಬಳೆಗಾರರ ಲೆಕ್ಕವೇ ಸಾಕು. ‘ಎರಡು ಆರು’ ಬಳೆ ಎಂದರೆ ಒಳವ್ಯಾಸ ಎರಡು ಇಂಚು ಮತ್ತು ಹದಿನಾರರಲ್ಲಿ ಆರು ಭಾಗ, ಅಂದರೆ 60.3 ಮಿ.ಮೀ. ಅದಕ್ಕೆ ತಂತಿಯ ದಪ್ಪ ಕೂಡಿಸಿ 3.14ರಿಂದ ಗುಣಿಸಿ. 10 ಗೇಜಿಗೆ ಹತ್ತಿರ ಹತ್ತಿರ 20 ಸೆಂ.ಮೀ. ಬರುತ್ತದೆ. ತೆರೆದ ಬಾಯಿಯ ಕಡಗಕ್ಕೆ ಎರಡೂವರೆ ಸೆಂ.ಮೀ. ಕಡಿಮೆ ಮಾಡಿ ಕತ್ತರಿಸಿ. ಬಡಿದಂತೆ ತಾಮ್ರ ಉದ್ದವಾಗುತ್ತದೆ, ಕೊನೆಯಲ್ಲಿ ಮತ್ತೊಮ್ಮೆ ಅಳೆಯಿರಿ.

ಹತ್ತು ನಿಮಿಷ ಬಡಿದ ಮೇಲೆ ತಾಮ್ರ ಗಡುಸಾಗಿ ಸುತ್ತಿಗೆಯನ್ನೇ ಹಿಂದಕ್ಕೆ ಎಸೆಯುತ್ತದೆ. ಹಠ ಮಾಡಿದರೆ ಬಿರುಕು. ಆಗ ಅದನ್ನು ಅಡುಗೆ ಗ್ಯಾಸಿನ ಉರಿಯಲ್ಲಿ, ಬೆಳಕು ಕಡಿಮೆ ಇರುವ ಜಾಗದಲ್ಲಿ, ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಾದರೆ ಹೀಗೆ ಗಟ್ಟಿಯಾದೀತು, ತಾಮ್ರ ಮೆದುವಾಗುತ್ತದೆ. ಹಿತ್ತಾಳೆಯನ್ನು ಮಾತ್ರ ಕೆಂಪಗಿರುವಾಗಲೇ ಮುಳುಗಿಸಬೇಡಿ, ಸೀಳಬಹುದು. ತುಸು ಆರಲಿ. ಕಾಯಿಸುವಾಗ ಹತ್ತಿ ಬಟ್ಟೆ ತೊಡಿ. ನೈಲಾನ್ ಸೀರೆ, ಜೋತಾಡುವ ದುಪ್ಪಟ್ಟಾ, ಬಿಚ್ಚಿದ ಕೂದಲು ಯಾವುದೂ ಹತ್ತಿರ ಬೇಡ.

ಕಾಯಿಸಿದ ಮೇಲೆ ಕೂಡುವ ಕರಿಗೆ ಹುಣಸೆ ನೀರೇ ಮದ್ದು. ಅರ್ಧ ತಾಸು ನೆನೆಸಿ, ಅಂಟುವಾಳದ ನೊರೆಯಲ್ಲಿ ಬ್ರಷ್‌ನಿಂದ ತಿಕ್ಕಿ. ನಾನೊಮ್ಮೆ ಹಲವು ಸಲ ಬಳಸಿದ ಹುಣಸೆ ನೀರಿಗೆ ಹಿತ್ತಾಳೆ ಜುಮಕಿಯನ್ನು ಕಬ್ಬಿಣದ ಇಕ್ಕಳದಲ್ಲೇ ಹಿಡಿದು ಅದ್ದಿದೆ. ಹೊರಗೆ ತೆಗೆದರೆ ಜುಮಕಿ ನಸುಗೆಂಪು! ನೀರಿನಲ್ಲಿ ಕರಗಿದ್ದ ತಾಮ್ರ ಕಬ್ಬಿಣ ಸೋಕಿದ್ದೇ ತಡ ಒಡವೆಯ ಮೇಲೆ ಕೂತಿತ್ತು. ಅಂದಿನಿಂದ ಬಿದಿರಿನ ಕಡ್ಡಿಯನ್ನೇ ಬಳಸುತ್ತೇನೆ.

ಬೆಸುಗೆಗೆ ಗುರು ಬೇಕು

ಇಲ್ಲಿಯವರೆಗೆ ಲೇಖನ ಓದಿ ಕಲಿಯಬಹುದು. ಬೆಸುಗೆಯನ್ನು ಪತ್ತಾರರ ಎದುರು ಕೂತೇ ಕಲಿಯಬೇಕು. ಸೇರುವೆಗೆ ನೀರಲ್ಲಿ ಅರೆದ ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು, ಉರಿಯನ್ನು ಚೂರಿನ ಮೇಲಲ್ಲ, ಇಡೀ ಒಡವೆಯ ಮೇಲೆ ಆಡಿಸುತ್ತಾರೆ. ಬೆಸುಗೆ ಬಿಸಿ ಇದ್ದ ಕಡೆಗೆ ಓಡುತ್ತದೆ. ಓಡುವ ಆ ಒಂದು ಕ್ಷಣದ ಹೊಳಪು ಮತ್ತು ಉರಿ ತೆಗೆಯುವ ಹೊತ್ತು ಕಣ್ಣಾರೆ ನೋಡದೆ ತಿಳಿಯದು.

ಟಿ.ವಿ. ರಿಪೇರಿಯ ಸೀಸದ ಬೆಸುಗೆ ಮೈಮೇಲಿನ ಒಡವೆಗೆ ಸಲ್ಲ. ಕ್ಯಾಡ್ಮಿಯಂ ಬೆರೆತದ್ದೂ ಬೇಡ. ಚಿನ್ನದಂಗಡಿಗಳ ಬೋರ್ಡಿನಲ್ಲಿ ಹೆಮ್ಮೆಯಿಂದ ಬರೆಯುತ್ತಿದ್ದ ‘ಕೆಡಿಎಂ’ ಎಂಬ ಮೂರಕ್ಷರ ಈ ಕ್ಯಾಡ್ಮಿಯಮ್ಮಿನದೇ. ಅದರ ಹೊಗೆ ಕುಡಿದು ಶ್ವಾಸಕೋಶ ಕೆಡಿಸಿಕೊಳ್ಳುವವರು ಕೊಳ್ಳುವವರಲ್ಲ, ಮಾಡುವವರು. ಕ್ಯಾಡ್ಮಿಯಂ ಇಲ್ಲದ ಬೆಳ್ಳಿ ಬೆಸುಗೆಯನ್ನೇ ಕೇಳಿ, ಕಿಟಕಿ ತೆರೆದಿಡಿ.

ಕಲಿಸಿದ್ದಕ್ಕೆ ಹಣ ಕೊಡಿ, ಸಂಕೋಚ ಬೇಡ. ಇನ್ನೊಂದು ಉಪಕಾರವನ್ನೂ ಮಾಡಬಹುದು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಕೆಯೂ ಇದೆ. ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ. ಹವ್ಯಾಸಿಗಳಿಗೆ ಅದು ಸಲ್ಲದು. ಆದರೆ ನಿಮ್ಮ ಗುರುಗಳು ಅರ್ಜಿ ಹಾಕಿಲ್ಲದಿದ್ದರೆ ಕಾಮನ್ ಸರ್ವಿಸ್ ಸೆಂಟರ್‌ಗೆ ಜೊತೆಯಾಗಿ ಹೋಗಿ ವಿಚಾರಿಸಿ.

ಹಂಚಿಕೊಂಡು ಕಲಿಯುವುದು

ಒಬ್ಬರೇ ಕೂತರೆ ಈ ಹವ್ಯಾಸ ಮೂರನೇ ವಾರಕ್ಕೆ ಸಾಯುತ್ತದೆ. ಐದಾರು ಜನ ಸೇರಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರದಲ್ಲಿ ವಾರಕ್ಕೆ ಎರಡು ತಾಸು ಒಂದು ಮೇಜು ಕೇಳಿ ನೋಡಿ. ಸುತ್ತಿಗೆಯ ಸದ್ದಿಗೆ ಓದುವವರು ಗೊಣಗಿದರೆ ತಂತಿಯ ಕೆಲಸ ಅಲ್ಲಿ, ಬಡಿಯುವುದು ಯಾರದಾದರೂ ಅಂಗಳದಲ್ಲಿ. ಹೊಸದಾಗಿ ಬಂದವರಿಗೆ ನಿನ್ನೆ ಮೊನ್ನೆ ಕಲಿತವರೇ ಕಲಿಸಲಿ. ತಾವು ಎಲ್ಲಿ ತಪ್ಪಿದೆವು ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ. ಮಕ್ಕಳಿಗೆ ತಂತಿ ಕೊಡಿ, ಬೆಂಕಿ ಬೇಡ.

ಮಾದರಿಗೆ ಮೊಬೈಲ್ ತಡಕುವ ಮೊದಲು ಹತ್ತಿರದ ತಾಂಡಾಕ್ಕೆ ಹೋಗಿ ಬನ್ನಿ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲ ಕಡೆಯೂ ಲಂಬಾಣಿ ತಾಂಡಾಗಳಿವೆ. ಕೆನ್ನೆಯ ಪಕ್ಕ ಜೋತಾಡುವ ಘೂಗ್ರಿ, ಮದುವೆಯಾದವರು ಜಡೆಗೆ ಕಟ್ಟುವ ಟೋಪ್ಲಿ, ಕೊರಳ ಹಾಸಲಿ, ಅಂಚಿಗೆಲ್ಲ ಸಣ್ಣ ಗೆಜ್ಜೆ. ನೀವು ಕಲಿತ ಕೊಂಡಿಯೇ ಅಲ್ಲಿ ಸಾಲುಸಾಲಾಗಿ ಕೆಲಸ ಮಾಡುತ್ತಿರುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ 1,755 ಲಂಬಾಣಿ ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ದಾರದ ಕೆಲಸಕ್ಕೆ ಸಿಕ್ಕ ಮರ್ಯಾದೆ ಅದೇ ಉಡುಪಿನ ಲೋಹದ ಕೆಲಸಕ್ಕೆ ಸಿಕ್ಕಿಲ್ಲ ಎಂಬುದು ನನ್ನ ದೂರು. ತಾಂಡಾದ ಅವ್ವಂದಿರನ್ನು ಕೇಳದೆ ಫೋಟೊ ಹೊಡೆದುಕೊಳ್ಳಬೇಡಿ. ಅವರ ಮಾದರಿಯಲ್ಲಿ ಮಾಡಿದ್ದನ್ನು ಯಾರಿಗಾದರೂ ತೋರಿಸುವಾಗ ಅದು ಎಲ್ಲಿಯದೆಂದು ಹೇಳಿ.

ಅಲ್ಲಿನ ನಾಣ್ಯದ ಸರ ಕಂಡು ಆಸೆಯಾಗುತ್ತದೆ. ಆದರೆ ಇಂದಿನ ನಾಣ್ಯಗಳನ್ನು ಕರಗಿಸುವುದು, ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯಂತೆ ಅಪರಾಧ. ನಾಣ್ಯದ ಆಕಾರದ ಬಿಲ್ಲೆಗಳು ಪೇಟೆಯಲ್ಲಿ ಸಿಗುತ್ತವೆ, ಅವೇ ಸಾಕು.

ಪತ್ತಾರರ ಬಳಿ ಮದುವೆ ಹಂಗಾಮಿನಲ್ಲಿ ಹೋದರೆ ತಲೆ ಎತ್ತಿ ನೋಡುವಷ್ಟೂ ಬಿಡುವಿರುವುದಿಲ್ಲ. ಆಷಾಢದಲ್ಲಿ ಹೋಗಿ. ಹೋಗುವಾಗ ಐವತ್ತು ಕೊಂಡಿಗಳ ಸರ ಜೇಬಿನಲ್ಲಿರಲಿ. ಅವರೂ ಅದನ್ನು ಬೆಳಕಿಗೆ ಹಿಡಿದೇ ನೋಡುತ್ತಾರೆ.