ಟ್ರ್ಯಾಕ್ಟರ್ ದುರಸ್ತಿ ಶೆಡ್ಡಿನಲ್ಲಿ ಕಾಲದ ಉಳಿತಾಯ

ರೋಹಿಣಿ ಮಳೆ ಬಿದ್ದ ಮರುದಿನ ಹೋಬಳಿ ಕೇಂದ್ರಗಳ ಟ್ರ್ಯಾಕ್ಟರ್ ದುರಸ್ತಿ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ಒಂದೇ ನೋಟ ಕಾಣುತ್ತದೆ. ಮೂರು ನಾಲ್ಕು ಟ್ರ್ಯಾಕ್ಟರುಗಳು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ನಿಂತಿರುತ್ತವೆ. ಮೇಸ್ತ್ರಿಯ ಸುತ್ತ ಮಾಲೀಕರು ನೆರೆದಿರುತ್ತಾರೆ. ಕೆಲಸದ ಹುಡುಗ ಬಿಡಿಭಾಗ ತರಲು ಪೇಟೆಯ ಬಸ್ಸು ಹತ್ತಿರುತ್ತಾನೆ. ಅತ್ತ ಹೊಲದಲ್ಲಿ ಹದ ಆರುತ್ತಿರುತ್ತದೆ. ಕೆಂಪು ಮಣ್ಣಿನ ಖುಷ್ಕಿ ಜಮೀನಿನಲ್ಲಿ ಬಿತ್ತನೆಗೆ ತಕ್ಕ ಹದ ನಿಲ್ಲುವುದು ಕೆಲವೇ ದಿನ. ಟ್ರ್ಯಾಕ್ಟರು ನಾಲ್ಕು ದಿನ ಶೆಡ್ಡಿನಲ್ಲಿ ನಿಂತರೆ ಮಾಲೀಕನಿಗಷ್ಟೇ ಅಲ್ಲ, ಅದರ ಬಾಡಿಗೆಯನ್ನೇ ನಂಬಿದ ಸಣ್ಣ ಹಿಡುವಳಿದಾರರಿಗೂ ಬಿತ್ತನೆಯ ಕಾಲ ತಪ್ಪುತ್ತದೆ.

ಇದಕ್ಕೆ ಮೇಸ್ತ್ರಿಯ ಕೆಲಸ ನಿಧಾನವೆಂದು ದೂರುವುದು ರೂಢಿ. ಆದರೆ ಕಾಲ ಸೋರಿಹೋಗುವುದು ಸ್ಪಾನರು ಹಿಡಿದ ಕೈಯಲ್ಲಿ ಅಲ್ಲ. ಕ್ಲಚ್ ಪ್ಲೇಟು ಬದಲಿಸುವ ಕೆಲಸವನ್ನು ನೋಡಬಹುದು. ಟ್ರ್ಯಾಕ್ಟರನ್ನು ನಡುವೆ ಬಿಡಿಸಿ, ಪ್ಲೇಟು ಹಾಕಿ, ಮತ್ತೆ ಕೂಡಿಸುವುದು ಇಬ್ಬರು ಅನುಭವಿಗಳಿಗೆ ಸುಮಾರು ಒಂದು ದಿನದ ಕೆಲಸ. ಬಿಡಿಸಿದ ಮೇಲೆ ಪ್ಲೇಟು ತರಲು ಹೊರಟರೆ ಒಂದು ದಿನ ಹೋಯಿತು. ಕೂಡಿಸುವಾಗ ರಿಲೀಸ್ ಬೇರಿಂಗು ಸವೆದದ್ದು ಕಂಡರೆ ಪುನಃ ಪೇಟೆಗೆ ಹೋಗಬೇಕು; ಇನ್ನೊಂದು ದಿನ ಹೋಯಿತು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು ಸೋರುತ್ತಿದ್ದುದನ್ನು ಗಮನಿಸದೆ ಕೂಡಿಸಿದರಂತೂ ಹೊಸ ಪ್ಲೇಟಿಗೆ ಎಣ್ಣೆ ತಗುಲಿ ಕ್ಲಚ್ಚು ಜಾರತೊಡಗುತ್ತದೆ. ಟ್ರ್ಯಾಕ್ಟರನ್ನು ಎರಡನೆಯ ಸಲ ಬಿಡಿಸದೆ ಗತ್ಯಂತರವಿಲ್ಲ. ಆದುದರಿಂದ ಒಮ್ಮೆ ಬಿಡಿಸಿದಾಗ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಆಯಿಲ್ ಸೀಲು, ಫ್ಲೈವೀಲಿನ ಮುಖ ಈ ಐದನ್ನೂ ಕೂಡಲೇ ಪರೀಕ್ಷಿಸಿ, ಬೇಕಾದುದನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು ತರಿಸತಕ್ಕದ್ದು. ಸೀಲಿನ ಬೆಲೆ ಅಲ್ಪ. ಬಿಡಿಸುವ ಕೂಲಿಯೇ ಹೆಚ್ಚು.

ಬಿಚ್ಚುವ ಮುನ್ನ

“ಇಂಜಿನ್ನು ಎಳೆಯುವುದಿಲ್ಲ” ಎಂಬ ದೂರು ಬಂದೊಡನೆ ಹೆಡ್ಡು ಬಿಚ್ಚುವ ಅಭ್ಯಾಸ ಕೆಲವು ಕಡೆ ಇದೆ. ಇದು ತಪ್ಪು. ಮೊದಲು ಹೊಗೆಯ ಬಣ್ಣ ನೋಡಬೇಕು. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದು ಅರ್ಥ. ಧೂಳು ಕಟ್ಟಿದ ಏರ್ ಕ್ಲೀನರೇ ಇದಕ್ಕೆ ಕಾರಣವಾಗಿರಬಹುದು. ನೀಲಿ ಹೊಗೆ ಇಂಜಿನ್ ಎಣ್ಣೆ ಉರಿಯುತ್ತಿರುವುದರ ಸೂಚನೆ. ಗೇಜು ಕಡ್ಡಿಯಲ್ಲಿ ಎಣ್ಣೆ ಹಾಲಿನಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಸ್ಟಾರ್ಟ್ ಆಗಿ ಕೂಡಲೇ ನಿಲ್ಲುವ ಇಂಜಿನ್ನಿನಲ್ಲಿ ಡೀಸೆಲ್ ಫಿಲ್ಟರು ಕಟ್ಟಿರಬಹುದು, ಇಲ್ಲವೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಗಾಳಿ ತೆಗೆಯುವುದು ಕೆಲವು ನಿಮಿಷಗಳ ಕೆಲಸ. ಈ ಪರೀಕ್ಷೆಗಳಿಗೆ ಅರ್ಧ ಗಂಟೆ ಸಾಕು. ಇದರಿಂದ ಬೇಡದ ಓವರ್‌ಹಾಲ್ ಎಷ್ಟೋ ಸಲ ತಪ್ಪುತ್ತದೆ.

ಇಂಜೆಕ್ಷನ್ ಪಂಪನ್ನು ಮಾತ್ರ ಮಣ್ಣು ನೆಲದ ಶೆಡ್ಡಿನಲ್ಲಿ ಎಂದಿಗೂ ಬಿಚ್ಚಬಾರದು. ಅದರ ಒಳಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ಒಂದು ಚಿಟಿಕೆ ಧೂಳು ಸೇರಿದರೂ ಪಂಪು ಕೆಡುತ್ತದೆ. ಪರೀಕ್ಷಾ ಯಂತ್ರವಿರುವ ಪೇಟೆಯ ಅಂಗಡಿಗೆ ಅದನ್ನು ಹಾಗೆಯೇ ಕಳುಹಿಸುವುದು ಜಾಣತನ.

ಕೆಲಸದ ಚೀಟಿ

ಒಳಬಂದ ಪ್ರತಿ ಟ್ರ್ಯಾಕ್ಟರಿಗೂ ಒಂದು ಚೀಟಿ ಇರಬೇಕು. ನೋಂದಣಿ ಸಂಖ್ಯೆ, ಗಂಟೆ ಮೀಟರಿನ ಅಂಕಿ, ಮಾಲೀಕನ ಮಾತಿನಲ್ಲೇ ದೂರು, ಮೇಸ್ತ್ರಿಗೆ ಕಂಡ ದೋಷ, ಹಾಕಿದ ಭಾಗಗಳು, ಬಿಟ್ಟುಕೊಡುವ ದಿನ ಇಷ್ಟನ್ನು ಬರೆದರೆ ಸಾಕು. ಗಂಟೆ ಮೀಟರಿನ ಅಂಕಿ ಬಹಳ ಮುಖ್ಯ. ಹಲವು ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಇಂಜಿನ್ ಎಣ್ಣೆ ಬದಲಿಸಬೇಕೆಂದು ತಯಾರಕರ ಕೈಪಿಡಿಯಲ್ಲಿರುತ್ತದೆ. ಹಿಂದಿನ ಚೀಟಿಯಲ್ಲಿ 1,840 ಎಂದಿದ್ದು ಈಗ ಮೀಟರು 2,310 ತೋರಿಸಿದರೆ 470 ಗಂಟೆ ಓಡಿದೆ. ಮಾಲೀಕ “ಮೊನ್ನೆಯಷ್ಟೇ ಬದಲಿಸಿದ್ದು” ಎಂದರೂ ಚೀಟಿ ಸುಳ್ಳು ಹೇಳುವುದಿಲ್ಲ. ಮೀಟರು ಕೆಟ್ಟಿದ್ದರೆ ಮೊದಲು ಅದನ್ನೇ ಸರಿಪಡಿಸುವುದು ಒಳ್ಳೆಯದು.

ಬಂದ ಸರದಿಯಲ್ಲೇ ಕೆಲಸ ಮಾಡುವುದು ನ್ಯಾಯವಾಗಿ ಕಂಡರೂ ಬಿತ್ತನೆ ಕಾಲಕ್ಕೆ ಅದು ಹೊಂದುವುದಿಲ್ಲ. ಅರ್ಧ ಗಂಟೆಯ ಫ್ಯಾನ್ ಬೆಲ್ಟಿಗಾಗಿ ಬಂದವನು ಓವರ್‌ಹಾಲಿನ ಹಿಂದೆ ಎರಡು ದಿನ ಕಾಯಬಾರದು. ಒಬ್ಬ ಕೆಲಸಗಾರನನ್ನು ಸಣ್ಣ ಕೆಲಸಗಳಿಗೇ ಮೀಸಲಿಟ್ಟರೆ ಶೆಡ್ಡಿನ ಮುಂದಿನ ಗುಂಪು ಬೆಳಗಿನಲ್ಲೇ ಕರಗುತ್ತದೆ.

ಬಿಡಿಭಾಗಗಳ ದಾಸ್ತಾನು

ಫಿಲ್ಟರು, ಫ್ಯಾನ್ ಬೆಲ್ಟು, ಆಯಿಲ್ ಸೀಲು, ಗ್ಯಾಸ್ಕೆಟ್ಟು, ಲಿಂಚ್ ಪಿನ್ನು, ರೋಟವೇಟರ್ ಬ್ಲೇಡು ಮತ್ತು ಅದರ ಬೋಲ್ಟು ಇವು ಸದಾ ಶೆಡ್ಡಿನಲ್ಲಿರಬೇಕು. ಬೆಲೆಬಾಳುವ, ಅಪರೂಪದ ಭಾಗಗಳಲ್ಲಿ ಹಣ ಹೂಡುವುದು ಬೇಡ. ವಾರಕ್ಕೆ 7 ಫಿಲ್ಟರು ಖರ್ಚಾಗುತ್ತಿದ್ದು, ಬೇಡಿಕೆ ಕಳಿಸಿದ ಮೇಲೆ ಸರಕು ಬರಲು 4 ದಿನ ಬೇಕಾದರೆ, ಅಷ್ಟರಲ್ಲಿ 4 ತೀರುತ್ತವೆ. ಕೈಕಾಪಿಗೆ 2 ಸೇರಿಸಿ, ಕಪಾಟಿನಲ್ಲಿ 6 ಉಳಿದಾಗಲೇ ಬೇಡಿಕೆ ಕಳುಹಿಸಬೇಕು. ಹಳೆಯ ಎಚ್.ಎಂ.ಟಿ. ಟ್ರ್ಯಾಕ್ಟರುಗಳ ವಿಷಯ ಬೇರೆ. ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದುದರಿಂದ, ಕಳಚಿದ ಭಾಗದ ಮೇಲಿನ ಸಂಖ್ಯೆ ಮತ್ತು ಅಳತೆಯನ್ನು ಬರೆದಿಟ್ಟುಕೊಂಡು ಹುಡುಕಬೇಕಾಗುತ್ತದೆ.

ಉದ್ದರಿಯೇ ಹಲವು ಶೆಡ್ಡುಗಳನ್ನು ಮುಗ್ಗರಿಸಿದೆ. ಸುಗ್ಗಿಗೆ ಕೊಡುತ್ತೇನೆಂಬ ರೈತನ ಮಾತು ಪ್ರಾಮಾಣಿಕವೇ ಇರಬಹುದು, ಆದರೆ ಬಿಡಿಭಾಗದ ಅಂಗಡಿಯವನು ಸುಗ್ಗಿಯವರೆಗೆ ಕಾಯುವುದಿಲ್ಲ. ಭಾಗಗಳ ಬೆಲೆಯನ್ನು ರೊಕ್ಕವಾಗಿ ಪಡೆದು, ಕೂಲಿಯನ್ನು ಮಾತ್ರ ಬಾಕಿ ಬಿಡುವ ಕ್ರಮ ಇಬ್ಬರಿಗೂ ನಡೆಯುತ್ತದೆ.

ಆತುರದಲ್ಲಿ ಒಂದನ್ನು ಬಿಡಬಾರದು. ಬರಿಯ ಜಾಕಿನ ಮೇಲೆ ನಿಂತ ಟ್ರ್ಯಾಕ್ಟರಿನ ಕೆಳಗೆ ಯಾರೂ ನುಸುಳಕೂಡದು. ಚಕ್ರಗಳಿಗೆ ಅಡ್ಡ ಕಟ್ಟೆ ಕೊಟ್ಟು, ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡಿನ ಮೇಲೆ ಭಾರ ಇಳಿಸಿದ ನಂತರವೇ ಒಳಹೋಗಬೇಕು.

ಮುಂಗಾರಿನ ಒತ್ತಡ ಇಳಿಸಲು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಡುವು ತಕ್ಕ ಕಾಲ. ಚೀಟಿಗಳನ್ನು ತಿರುವಿ, 250 ಗಂಟೆ ದಾಟಿರಬಹುದಾದ ಟ್ರ್ಯಾಕ್ಟರುಗಳ ಮಾಲೀಕರಿಗೆ ಆಗಲೇ ಫೋನಿನಲ್ಲಿ ತಿಳಿಸಬೇಕು. ಕ್ಲಚ್ಚು, ಬ್ರೇಕು, ಹೈಡ್ರಾಲಿಕ್ಕಿನಂತಹ ಹೊತ್ತು ಹಿಡಿಯುವ ಕೆಲಸಗಳನ್ನು ಆ ತಿಂಗಳುಗಳಲ್ಲಿ ಮುಗಿಸಿಕೊಂಡರೆ, ಮೃಗಶಿರ ಮಳೆಯ ಹೊತ್ತಿಗೆ ಶೆಡ್ಡಿಗೆ ಹೆಚ್ಚಾಗಿ ಬೆಲ್ಟು, ಪಿನ್ನು, ಪಂಕ್ಚರುಗಳ ಕೆಲಸವೇ ಬರುತ್ತದೆ.