ಖಾಲಿ ಬಿಟ್ಟ ಕಾಲಂ

ನಮ್ಮ ಅರ್ಥಶಾಸ್ತ್ರದ ರಾಷ್ಟ್ರೀಯ ಆದಾಯದ ಪಾಠದಲ್ಲಿ ಒಂದು ಮಾತು ಬರುತ್ತದೆ. ಮಹಿಳೆಯರು ಮನೆಯಲ್ಲಿ ಮಾಡುವ ಕೆಲಸಕ್ಕೆ ಹಣ ಸಿಗುವುದಿಲ್ಲ, ಆದ್ದರಿಂದ ಅದು ಜಿಡಿಪಿ ಲೆಕ್ಕಕ್ಕೆ ಬರುವುದಿಲ್ಲ. ಈ ರೂಢಿ ಎಷ್ಟು ಹಳೆಯದು ಎಂದು ಹುಡುಕಹೊರಟ ನನಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಹಳೆಯ ಜನಗಣತಿಯ ದಾಖಲೆಗಳು. ಅಲ್ಲಿ ನೂರು ವರ್ಷ ದಾಟಿದ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು.

ಬ್ರಿಟನ್ನಿನಲ್ಲಿ ಗಣತಿ ಶುರುವಾದದ್ದು 1801ರಲ್ಲಿ. ದೇಶದ ಎಲ್ಲರ ಹೆಸರನ್ನೂ ಬರೆದದ್ದು 1841ರಲ್ಲಿ. ಗಣತಿದಾರ ಮೊದಲೇ ಮನೆಮನೆಗೆ ನಮೂನೆ ಕೊಡುತ್ತಿದ್ದ. ಗೊತ್ತುಮಾಡಿದ ಒಂದು ರಾತ್ರಿ ಆ ಮನೆಯಲ್ಲಿದ್ದವರೆಲ್ಲರ ವಿವರವನ್ನು ಅದರಲ್ಲಿ ತುಂಬಬೇಕಿತ್ತು. ಓದುಬರಹ ಬಾರದವರಿಗೆ ಅವನೇ ತುಂಬಿಕೊಡುತ್ತಿದ್ದ. ಆಮೇಲೆ ಎಲ್ಲವನ್ನೂ ಒಂದು ಪುಸ್ತಕಕ್ಕೆ ನಕಲು ಮಾಡುತ್ತಿದ್ದ. 1841ರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು; 39 ವರ್ಷದವರು ಪುಸ್ತಕದಲ್ಲಿ 35 ಆಗುತ್ತಿದ್ದರು. 1851ರಿಂದ ಸರಿಯಾದ ವಯಸ್ಸು, ಮನೆಯ ಯಜಮಾನನೊಂದಿಗಿನ ಸಂಬಂಧ, ಹುಟ್ಟಿದ ಊರು ಸೇರಿದವು. 1861ರಲ್ಲಿ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಪ್ರಶ್ನೆ ಬಂತು: ಕಿಟಕಿ ಇರುವ ಕೋಣೆಗಳು ಎಷ್ಟು? ಸುಮಾರು ಮೂರರಲ್ಲಿ ಒಂದು ಮನೆಗೆ ಇದ್ದದ್ದು ಒಂದೇ ಕೋಣೆ ಎಂದು ಅದರಿಂದ ತಿಳಿಯಿತು.

ಡಂಡೀ ಎಂಬ ಊರನ್ನು ನೋಡೋಣ. ಬಂಗಾಳದ ಸೆಣಬು ಹಡಗಿನಲ್ಲಿ ಅಲ್ಲಿಗೆ ಹೋಗಿ ಗೋಣಿಚೀಲವಾಗುತ್ತಿತ್ತು. ಗಿರಣಿಗಳಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಅಲ್ಲಿಯ ಒಂದು ಕಾರ್ಮಿಕ ಕುಟುಂಬದ ಪುಟ 1861ರಲ್ಲಿ ಹೇಗಿದ್ದೀತು ಎಂದು ತೋರಿಸಲು ನಾನೇ ಒಂದು ಮಾದರಿ ಮಾಡಿದ್ದೇನೆ:

ಯಜಮಾನ, 42, ಬಂದರಿನ ಕೂಲಿ, ಹುಟ್ಟಿದ್ದು ಐರ್ಲೆಂಡ್.
ಹೆಂಡತಿ, 40, (ಖಾಲಿ), ಐರ್ಲೆಂಡ್.
ಮಗಳು, 18, ಗಿರಣಿಯಲ್ಲಿ ಸೆಣಬು ನೂಲುವವಳು, ಐರ್ಲೆಂಡ್.
ಮಗ, 11, ವಿದ್ಯಾರ್ಥಿ, ಡಂಡೀ.
ಮಗಳು, 2, (ಖಾಲಿ), ಡಂಡೀ.
ಹಣ ಕೊಟ್ಟು ಉಳಿದುಕೊಂಡವನು, 23, ಗಿರಣಿ ಕೂಲಿ, ಐರ್ಲೆಂಡ್.
ಕಿಟಕಿ ಇರುವ ಕೋಣೆಗಳು: 2.

ಇದನ್ನು ಲೆಕ್ಕದ ಪುಸ್ತಕದಂತೆ ಓದಬಹುದು. ದೊಡ್ಡ ಮಗಳು ಐರ್ಲೆಂಡಿನಲ್ಲಿ ಹುಟ್ಟಿದ್ದಾಳೆ, ಮಗ ಡಂಡೀಯಲ್ಲಿ. ಅಂದರೆ ಇವರು ವಲಸೆ ಬಂದದ್ದು 1843 ಮತ್ತು 1850ರ ನಡುವೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರಗಾಲ ಬಿದ್ದಿತ್ತು. ಕಾರಣವನ್ನು ಯಾವ ಕಾಲಂನಲ್ಲೂ ಬರೆದಿಲ್ಲ, ಆದರೂ ಊಹಿಸಬಹುದು.

ಈಗ ಎರಡನೆಯ ಸಾಲು. ಆ ತಾಯಿಗೆ ಉದ್ಯೋಗವಿಲ್ಲ. ಆದರೆ ಎರಡು ಕೋಣೆಯಲ್ಲಿ ಆರು ಜನರಿಗೆ ನೀರು ಹೊತ್ತವರು, ಬಟ್ಟೆ ಒಗೆದವರು ಯಾರು? ಎಲ್ಲರೂ ಗಿರಣಿಗೆ, ಬಂದರಿಗೆ ಹೋದಾಗ ಮಗುವನ್ನು ನೋಡಿಕೊಂಡವರು ಯಾರು? ಉಳಿದುಕೊಂಡವನು ಕೊಡುವ ಹಣ ಮನೆಯ ಆದಾಯ. ಅದು ಬಂದದ್ದು ಅವಳ ದುಡಿಮೆಯಿಂದ. ಲೆಕ್ಕಶಾಸ್ತ್ರದಲ್ಲಿ ಡೆಬಿಟ್ ಇದ್ದರೆ ಕ್ರೆಡಿಟ್ ಇರಲೇಬೇಕು. ಇಲ್ಲಿ ಒಂದು ಕಡೆಯ ನಮೂದೇ ಇಲ್ಲ.

ಇದು ಬರೆಯುವವನ ಮರೆವಲ್ಲ. ಹೆಂಡತಿಯ ವೃತ್ತಿಯನ್ನೂ, ಕೂಲಿ ಪಡೆಯದೆ ತಂದೆತಾಯಿಗೆ ನೆರವಾಗುವ ಮಕ್ಕಳ ವೃತ್ತಿಯನ್ನೂ ಬರೆಯಬೇಕಾಗಿಲ್ಲ ಎಂದು 1841ರ ಸೂಚನೆಯಲ್ಲೇ ಇತ್ತು.

ಅವರನ್ನು ದೂರುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ನಮ್ಮ ಅಮ್ಮಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ನನ್ನ ಪ್ರವೇಶ ಶುಲ್ಕದಲ್ಲಿ ಅರ್ಧ ಆ ಹಣದ್ದೇ. ಆದರೂ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನಾನು ಯೋಚಿಸದೆ 'ಇಲ್ಲ' ಎಂದು ಬರೆದಿದ್ದೆ. ಅಂದು ಆ ಪುಸ್ತಕ ತುಂಬಿದ ಗಣತಿದಾರನಿಗೂ ನನಗೂ ವ್ಯತ್ಯಾಸವೇನು? ಅವನಿಗೆ ಮೇಲಿನವರ ಸೂಚನೆ ಇತ್ತು. ನನಗೆ ಅದೂ ಇರಲಿಲ್ಲ.

ನಮ್ಮ ಮನೆಗೆ ಗಣತಿದಾರರು ಬಂದಾಗ ಉತ್ತರ ಹೇಳುವವರು ಹೆಚ್ಚಾಗಿ ನಾವೇ, ಮನೆಯಲ್ಲಿ ಓದಿದ ಮಕ್ಕಳು. ಆ ಕಾಲಂ ಬಂದಾಗ ಒಂದು ಕ್ಷಣ ನಿಂತು, ಅಮ್ಮಿಯನ್ನು ಕೇಳಿ ಬರೆಸೋಣ.